ಕುಂತ ಕಾಲು

ಲಕ್ಷ್ಮೀ ರಸ್ತೆಯ ನಾಲ್ಕನೆಯ ಅಂಗಡಿಯ ಹುಡುಗ
ನನ್ನ ಪಾದ ನೋಡಿ ಮರಾಠಿಯಲ್ಲಿ ನಕ್ಕ.
(ನಗುವಿಗೂ ಭಾಷೆ ಇರುತ್ತದೆ,
ಇಪ್ಪತ್ತಾರು ವರ್ಷ ಪುಣೆಯಲ್ಲಿದ್ದ ಮೇಲೆ ಗೊತ್ತಾಗುತ್ತದೆ.)
'ಮ್ಯಾಡಮ್, ಇದು ಇಟಲಿಯ ಅಚ್ಚು,
ಹಾಕ್ತಾ ಹಾಕ್ತಾ ಸಡಿಲಾಗುತ್ತೆ.'
ಯಾರು ಸಡಿಲಾಗುವುದು, ನಾನೋ ಅದೋ,
ಅವನು ಹೇಳಲಿಲ್ಲ.

ಮೊರದಗಲ ಕಾಲು ನನ್ನದು.
ಹೆಬ್ಬೆರಳ ಬುಡದಲ್ಲಿ ನೆಲ್ಲಿಕಾಯಿಯಷ್ಟು ಗಂಟು.
ಕಿರುಬೆರಳು ಪಕ್ಕದವಳ ಹೆಗಲೇರಿ ಕೂತಿದೆ
ತುಂಬಿದ ಬಸ್ಸಿನಲ್ಲಿ ಜಾಗ ಸಿಗದವಳ ಹಾಗೆ.
ಮದುವೆಯ ದಿನ ಕಾಲುಂಗುರ ಗೆಣ್ಣು ದಾಟದೆ
ಸೋದರಮಾವ ಮತ್ತೆ ಪೇಟೆಗೆ ಓಡಿದ್ದ.

ಐವತ್ತೊಂದಕ್ಕೆ ಸೈಕಲ್ಲು ಹಿಡಿದವಳು ನಾನು.
ಭಾನುವಾರ ನಸುಕಿಗೆ ಕೊಂಢವಾ ನಾಕಾದಲ್ಲಿ
ಮುಗ್ಧಾ, ವೈಜಯಂತಿ, ಬ್ಯಾಂಕಿನ ನಫೀಸಾ.
ಅವರ ಬೂಟು ಪೆಡಲನ್ನು ಟಕ್ಕೆಂದು ಕಚ್ಚಿಕೊಳ್ಳುವಾಗ
ನನ್ನದು ನನ್ನನ್ನೇ ಕಚ್ಚುತ್ತಿತ್ತು.
ಬೋಪದೇವ ಘಾಟಿನ ಎರಡನೆಯ ತಿರುವಿಗೆ ಜೋಮು,
ಮೂರನೆಯದಕ್ಕೆ ಬೆಂಕಿ,
ನಾಲ್ಕನೆಯದಕ್ಕೆ ಕಾಲೇ ಇಲ್ಲ.
ಮೇಲೆ ಚಹಾದಂಗಡಿಯಲ್ಲಿ ಅವರೆಲ್ಲ ಕಣಿವೆಯ ಫೋಟೋ ತೆಗೆದರೆ
ನಾನು ಬೂಟು ಕಳಚಿ, ತಣ್ಣನೆ ಕಲ್ಲಿನ ಮೇಲೆ ಪಾದವಿಟ್ಟು
ದೇವರು ಕಂಡವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ಒಂದು ನಂಬರು ದೊಡ್ಡದು ಕೊಂಡೆ: ಹಿಮ್ಮಡಿ ಒಳಗೇ ಈಜಿತು.
ಗಂಡಸರದ್ದು ಕೊಂಡೆ: ಅಗಲ ಸರಿ, ಉದ್ದಕ್ಕೆ ದೋಣಿ.
ಮನೆಯವರು ಲೆಕ್ಕ ಹಾಕಿ ಹೇಳಿದರು,
'ಈ ದುಡ್ಡಿಗೆ ಇನ್ನೊಂದು ಸೈಕಲ್ಲೇ ಬರ್ತಿತ್ತು.'

ಆಮೇಲೆ ನಾನಾ ಪೇಠೆಯಲ್ಲಿ, ಬೀಡಿ ಅಂಗಡಿಯ ಬೆನ್ನಿಗೆ,
ದುರ್ಗಪ್ಪ ಹೊನಕಾಂಬಳೆ.
ಅಥಣಿಯಿಂದ ಅವರಪ್ಪ ತಂದ ಉಳಿ, ರಂಪಿಗೆ, ಸವೆದ ಕಲ್ಲು.
ಹೊರಗೆ ಮರಾಠಿ ಬೋರ್ಡು, ಬಾಯಲ್ಲಿ ನಮ್ಮ ಮಾತು.
ಮಧ್ಯಾಹ್ನ ಹೋದರೆ ವಾಪಸು ಕಳಿಸಿದರು:
'ಸಂಜಿಗೆ ಬರ್ರಿ. ಮುಂಜಾನಿ ಕಾಲು ಬ್ಯಾರೆ, ಸಂಜಿ ಕಾಲು ಬ್ಯಾರೆ.'
ಸಂಜೆ ಹೋಗಿ ಸ್ಟೂಲಿನ ಮೇಲೆ ಕೂತು ಪಾದ ಚಾಚಿದೆ.
'ಏಳ್ರಿ ಅಕ್ಕಾರ, ನಿಂದರ್ರಿ.
ಕುಂತ ಕಾಲು ಸುಳ್ಳ ಹೇಳತೈತಿ.'

ನಿಂತೆ.
ನಿನ್ನೆಯ ಪೇಪರಿನ ಮೇಲೆ, ಪೂರ್ತಿ ಭಾರ ಬಿಟ್ಟು.
ಎಷ್ಟು ವರ್ಷವಾಗಿತ್ತೋ ಹಾಗೆ ನಿಂತು,
ಬೆರಳು ಮುದುಡದೆ, ಸೀರೆಯಂಚಲ್ಲಿ ಪಾದ ಅಡಗಿಸದೆ.
ಪೆನ್ಸಿಲ್ಲು ತಣ್ಣಗೆ ಸುತ್ತಿ ಬಂತು.
ಗಂಟಿನ ಹತ್ತಿರ ನಿಧಾನವಾಯಿತು, ತಪ್ಪಿಸಿಕೊಳ್ಳಲಿಲ್ಲ.
ಗುರುವಾರ ನೀರು ಬರುವುದಿಲ್ಲ ಎಂಬ ಸುದ್ದಿಯ ಮೇಲೆ
ನನ್ನ ಹಿಮ್ಮಡಿ; ವಧೂವರರ ಅಂಕಣದಲ್ಲಿ ಐದು ಬೆರಳು.
ಎಡಕ್ಕಿಂತ ಬಲ ಅರ್ಧ ಬೆರಳು ಅಗಲ.
ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಕಟ್ಟಿಗೆಯ ಅಚ್ಚಿಗೆ, ಸರಿಯಾಗಿ ಅದೇ ಜಾಗದಲ್ಲಿ,
ಚಕ್ಕಳದ ಚೂರು ಅಂಟಿಸಿ ಅದಕ್ಕೂ ಒಂದು ಗಂಟು ಕೊಟ್ಟರು.
ಬೂಟಿಗೆ ಹಬೆ ತೋರಿಸಿ ಅಚ್ಚು ಒಳಗೆ ತುರುಕಿ ಮೂರು ರಾತ್ರಿ.
ಅಡಿಯ ಕ್ಲೀಟು ಬಿಚ್ಚಿ ಎರಡು ದಾರದಷ್ಟು ಹಿಂದೆ ಸರಿಸಿದರು.
ನೂರ ಎಂಬತ್ತು ರೂಪಾಯಿ.
ಇಟಲಿ ಸುಮ್ಮನಾಯಿತು.

ಈ ಭಾನುವಾರ ಎರಡನೆಯ ತಿರುವಿನಲ್ಲಿ ಜೋಮಿಗೆ ಕಾದೆ.
ಮೂರನೆಯದರಲ್ಲಿ ಕಾದೆ.
ನಾಲ್ಕನೆಯದರಲ್ಲಿ, ನಫೀಸಾ ತನ್ನ ಅತ್ತೆಯ ಬಗ್ಗೆ ಹೇಳುವ ಕಥೆ
ಕೊನೆಯವರೆಗೂ ಕೇಳಿಸಿತು.
ಇಷ್ಟು ದಿನ ಅರ್ಧಕ್ಕೇ ಹೂಂಗುಟ್ಟಿದ್ದೆ,
ಅತ್ತೆ ಸತ್ತು ಎರಡು ವರ್ಷವಾಯಿತಂತೆ.

ಕಿರುಬೆರಳು ಇನ್ನೂ ಗೊಣಗುತ್ತದೆ, ಇಲ್ಲವೆನ್ನಲಾರೆ.
'ಅದಕ್ಕೂ ಜಾಗಾ ಮಾಡೂಣು' ಅಂದಿದ್ದಾರೆ ದುರ್ಗಪ್ಪ.
ಅವರ ಗೋಡೆಯ ಮೊಳೆಗೆ ಚುಚ್ಚಿದ ಪೇಪರುಗಳಲ್ಲಿ
ಒಬ್ಬ ಹಾಲಿನವನ ಪಾದದ ಕೆಳಗೆ,
ಯಾರೋ ಪೊಲೀಸನ ಪಾದದ ಮೇಲೆ,
ನನ್ನದೂ ತೂಗುತ್ತಿದೆ.
ಫ್ಯಾನು ಈ ಕಡೆ ತಿರುಗಿದಾಗಷ್ಟೇ
ಹೆಜ್ಜೆ ಎತ್ತುತ್ತದೆ.