ಒತ್ತಕ್ಷರ

ಮೊದಲು ತೊಳೆ, ಎಂದೆ ರಿಜ್ವಾನನಿಗೆ. ಒರಸಿ, ಮತ್ತೊಮ್ಮೆ ತೊಳೆ.
ಉಪ್ಪಳದ ಗಾಳಿಯಲ್ಲಿ ಉಪ್ಪು ಉಂಟು, ಕಣ್ಣಿಗೆ ಕಾಣುವುದಿಲ್ಲ;
ಒಂದು ಹರಳು ಒಳಗೆ ಸಿಕ್ಕಿದರೂ
ಸ್ಟಿಕ್ಕರ್ ಮೇಲೆ ಮೊಡವೆ ಏಳುತ್ತದೆ.

ಹಾಳೆಯನ್ನು ಎಳೆದಾಡಬೇಡ.
ಬಿಸಿಗಾಳಿ ತೋರಿಸಿದರೆ ತಾನೇ ಬಳುಕಿ
ತಿರುವಿನಲ್ಲಿ ಕೂರುತ್ತದೆ;
ಜಬರದಸ್ತು ಮಾಡಿದರೆ ಬೆಳ್ಳಗಾಗಿ
ಆರು ತಿಂಗಳಿಗೆ ಅಂಚು ಬಾಯಿ ಬಿಡುತ್ತದೆ.
ನಡುವಿನಿಂದ ಹೊರಕ್ಕೆ ತೀಡು. ಹಾಗೆ.

ಹಿಂಬಾಗಿಲಿಗೆ ಬಂದೆವು.
ಮಂಕು ಹಸಿರು ಹಾಸಿ ತೀಡಿದ್ದೇ
ಅಡಿಯಿಂದ ಎದ್ದು ನಿಂತಿತು:
ಚೆನ್ನಕ್ಕ.

ನನ್ನದೇ ಕೈ. ತೊಂಬತ್ತೆಂಟರಲ್ಲಿ ಬರೆದದ್ದು,
ಬೆಳ್ಚಪ್ಪಾಡರ ಬಾಯಾರು ಸರ್ವಿಸಿನ ಜೀಪಿಗೆ,
ಮೂರು ಕೋಟು ಎನಾಮೆಲ್, ಅಳಿಲು ಕೂದಲಿನ ಬ್ರಷ್ಷು.
ಆಮೇಲೆ ಯಾರೋ ಮೇಲೆ ಬಣ್ಣ ಹೊಡೆದರು, ಮತ್ತೆ ಇನ್ಯಾರೋ.
ಕೂದಲೆಳೆಯ ಉಬ್ಬನ್ನೂ ಮುಚ್ಚಿಡಲು ಬಾರದ ಹಾಳೆ
ಎಲ್ಲ ಹೇಳಿಬಿಟ್ಟಿತು.

“ಉಜ್ಜಿ ತೆಗೀರಿ ಮಾರ್ರೆ,” ಅಂದ.

ಹಾಳೆ ಎಬ್ಬಿಸಿ, ಮರಳುಕಾಗದ ನೆನೆಸಿ ಕೂತೆ.
ಚೆ ಹೋಯಿತು.
ನ್ನ ಹೋಯಿತು, ಸ್ವಲ್ಪ ಹಟ ಮಾಡಿ.
ಕೊನೆಯ ಕ್ಕದ ಒತ್ತು ಮಾತ್ರ
ಬೆರಳಿಗೆ ಹತ್ತುತ್ತಲೇ ಇತ್ತು;
ಅಲ್ಲಿ ನಾನು ಬಣ್ಣ ಜಾಸ್ತಿ ತುಂಬುತ್ತಿದ್ದೆ, ಯಾವಾಗಲೂ.
ಸಾಕು, ಎಂದು ಎದ್ದೆ. ಹೊಸ ತುಂಡು ಕತ್ತರಿಸಿದೆ.

ಕೀ ಕೊಡುವಾಗ ಹೇಳಿದೆ:
ಒಂದು ವಾರ ನೀರು ಮುಟ್ಟಿಸಬೇಡ.
ಕಾಗೆ ಹಿಕ್ಕೆ ಹಾಕಿದರೆ ಅಂದೇ ಒರಸು,
ನಾಳೆಗಾದರೆ ಕಲೆ ಕೂರುತ್ತದೆ.
ಪ್ರೆಶರ್ ಪೈಪನ್ನು ಅಂಚಿನ ಹತ್ತಿರ ತರಬೇಡ,
ನೆರಳು ಸಿಕ್ಕಿದಲ್ಲಿ ನಿಲ್ಲಿಸು.

ಮತ್ತೆ, ಸಂಜೆಯ ಓರೆ ಬಿಸಿಲು ಹಿಂಬಾಗಿಲಿಗೆ ಬಿದ್ದರೆ
ಬಲಗಡೆ ಏನೋ ಉಬ್ಬಿದಂತೆ ಕಂಡೀತು.
ಗುಳ್ಳೆ ಅಂತ
ಸೂಜಿ ಚುಚ್ಚಬೇಡ.