ಹತ್ತದವರ ಟಿಕೇಟು

ದಿನಕ್ಕ ಮೂವತ್ತು ಟಿಕೇಟು ಹೋಗದಿದ್ರ
ಈ ಹಾಲ್ಟ್ ತಗದು ಹಾಕ್ತೀವಂತ ಕಾಗದ ಬಂತು.
ಅವತ್ತು ನಾ ಮಾರಿದ್ದು ಏಳು.
ಅದರಾಗ ಒಂದು ನಮ್ಮ ಅಳಿಯಂದು.

ಸ್ಟೇಷನ್ ಅಂದ್ರ ಏನು?
ಒಂದು ತಗಡಿನ ಕೋಣಿ, ಒಂದು ಬೇವಿನ ಗಿಡ,
ಹಳದಿ ಫಲಕದಾಗ ಮೂರು ಭಾಷಾದಾಗ ಊರ ಹೆಸರು,
ಮೂರರಾಗೂ ತಪ್ಪು.
ನಾ ಇಲ್ಲಿ ಏಜೆಂಟ, ಕಮಿಷನ್ ಮ್ಯಾಲೆ ಕೂಡಾಂವ.
ರೇಲ್ವೆದವ ಅಲ್ಲ ನಾ,
ಅಲ್ಲಂದ್ರ ಊರಾಗ ಯಾರೂ ನಂಬೂದಿಲ್ಲ.

ಖರೇ ಹತ್ತವರು ಯಾರು?
ವಾರದಾಗ ಎರಡು ಸಲ ವಿಜಾಪುರದಾಗ
ರಕ್ತ ತೊಳಿಸ್ಕೊಂಡು ಬರೋ ದಸ್ತಗೀರ,
ಕಾಲೇಜಿನ ನಾಕು ಹುಡುಗ್ಯಾರು,
ಮೊಸರಿನ ಗಡಿಗಿ ಹೊತ್ತ ನೀಲಗಂಗವ್ವ.
ಬಸ್ಸಿಗೆ ಹೈವೇ ತನಕ ಆರು ಕಿಲೋಮೀಟರ್ ನಡೀಬೇಕು,
ನಡದು ಹೋಗಿ ಕೈ ಮಾಡಿದ್ರ
ಡ್ರೈವರ ನಮಗೂ ಕೈ ಮಾಡಿ ಹೋಗತಾನ.

ಅರ್ಜಿ ಬರದ್ವಿ.
ಹೆಬ್ಬೆಟ್ಟಿನ ಶಾಯಿ ತೀರಿ ಅಂಗಡಿ ನೀಲಿ ಕಲಸಿದ್ವಿ.
ಹುಬ್ಬಳ್ಳಿ ಸಾಹೇಬ ಒಳ್ಳೆಯವ, ಚಾ ಕುಡಿಸಿದ, ಅಂದ:
"ನಿಮ್ಮ ತ್ರಾಸು ನನಗ ತಿಳೀತದ.
ಕಂಪ್ಯೂಟರಿಗೆ ನಂಬರ್ ತಿಳೀತದ."

ತಿರಗಿ ಬರೋ ಗಾಡ್ಯಾಗ ಸಿದರಾಯ ಮಾಸ್ತರ
ಬೆರಳು ಮಡಚಿಕೋತ ಬಂದ.
ಆಲಮಟ್ಟಿ ಸೇತುವಿ ದಾಟೂತನಕ ಮಾತಿಲ್ಲ.
ಆಮ್ಯಾಲೆ ಅಂದ: "ಟಿಕೇಟು ತಗೋಬೇಕಂತ ಬರದಾರ.
ಗಾಡಿ ಹತ್ತಬೇಕಂತ ಎಲ್ಲಿ ಬರದಾರ?"

ಅವತ್ತಿಂದ ಪಾಳಿ.
ಸೋಮವಾರ ಮ್ಯಾಲಿನ ಓಣಿ, ಮಂಗಳವಾರ ಮಸೂತಿ ಓಣಿ,
ಸಂತಿ ದಿನ ಯಾರಿಗೂ ಇಲ್ಲ, ಅವತ್ತು ಮಂದಿ ಖರೇನ ಹತ್ತತಾರ.
ಮನಿಗೊಂದು, ಹತ್ತು ರೂಪಾಯಿ.
ಏಳೂವರಿಗೆ ಕಿಟಕ್ಯಾಗ ಕೈ ಬರತಾವ:
ಸಗಣಿ ಕೈ, ಹಿಟ್ಟಿನ ಕೈ, ಪೆನ್ನು ಸೋರಿದ ಸಾಲಿ ಹುಡುಗನ ಕೈ.
ರಟ್ಟಿನ ಮ್ಯಾಲೆ ತಾರೀಖು ಒತ್ತತೀನಿ, ಠಕ್.
ಟಿಕೇಟಿಗೆ ಒಂದೂವರಿ ರೂಪಾಯಿ ನಂದು.
ಆ ರೊಕ್ಕದಾಗ ದಿನಾ ನಾನೂ ಎರಡು ತಗೋತೀನಿ:
ಹೊರಗ ಬಂದು ನನ್ನ ಕಿಟಕ್ಯಾಗ ಕೈ ಚಾಚಿ,
ಒಳಗ ಹೋಗಿ ಕೊಟ್ಟು, ಮತ್ತ ಹೊರಗ ಬಂದು ಇಸ್ಕೊಂಡು.

ಗಾಡಿ ಒಂದು ನಿಮಿಷ ನಿಂದರತದ.
ಆರು ಮಂದಿ ಹತ್ತತಾರ.
ಉಳಿದವರು ನಿಂತು ನೋಡತಾರ
ತಮ್ಮ ತಮ್ಮ ಸೀಟು ಖಾಲಿ ಹೋಗೂದನ್ನ.

ಊರ ತುಂಬ ರಟ್ಟು ಈಗ.
ಕುಂಟ ಮಂಚದ ಕಾಲಿಗೆ ಮೂರು,
ಹುಡುಗರಿಗೆ ಇಸ್ಪೀಟು,
ಗಿರಣಿ ಖಾಜಾಂಬಿ ಕಲ್ಲಿನ ಹಿಟ್ಟು ಕೆರಿಯೂದು ಅದರಿಂದನ.

ರೊಟ್ಟಿ ಬಡದು ಮಾರೋ ಬೌರವ್ವ
ಒಂದಿನ ಕಿಟಕಿ ಬಿಟ್ಟು ಕದಲಲಿಲ್ಲ.
ಸೆರಗಿನ ಗಂಟು ಬಿಚ್ಚಿದಳು, ನಲವತ್ತು ರಟ್ಟು.
"ಸಾಯಬಣ್ಣ, ಇಷ್ಟು ಕೊಟ್ಟೀನಿ. ಇವತ್ತ ನಾ ಹತ್ತಲೇನು?"
"ಹಳೇವು ನಡಿಯೂದಿಲ್ಲವ್ವಾ, ತಾರೀಖು ಮುಗದಾವ."
"ಇವತ್ತಿಂದು?"
ಕೈಯಾಗ ಇತ್ತು, ಶಾಯಿ ಇನ್ನೂ ಆರಿರಲಿಲ್ಲ.
ಇಷ್ಟು ದಿನ ಮಾರಿ ಮಾರಿ
ಅದು ಖರೇ ಟಿಕೇಟು ಅನ್ನೂದು ನನಗ ಮರತಿತ್ತು.

ಹತ್ತಿದಳು. ಬೆನ್ನು ಮುಂದ ಮಾಡಿ ಕುಂತಳು,
ಊರು ಕಾಣಲೆಂತ.
ವಹಿಯಾಗ ಬರದೆ: ಮಾರಿದ್ದು ಮೂವತ್ತು.
ಹತ್ತಿದವರು ಎಷ್ಟು? ಆ ಕಾಲಮ್ಮು ವಹಿಯಾಗ ಇಲ್ಲ.
ಬದಿಗೆ ಗೀಟು ಹೊಡದು ನಾನ ಬರದೆ: ಏಳು.

ಸಂಜಿ ಗಾಡಿಗೆ ಇಳದಳು.
ವಿಜಾಪುರದಾಗ ಏನೇನು ನೋಡಿದಿ, ಕೇಳಿದೆ.
"ಸ್ಟೇಷನ್ ಬಿಟ್ಟು ಹೊರಗ ಹೋಗಲಿಲ್ಲೋ.
ಅಲ್ಲೇ ಬಾಕಿನ ಮ್ಯಾಲೆ ಕುಂತಿದ್ದೆ.
ಎಷ್ಟು ಗಾಡಿ ನಿಂದರತಾವ ಯಪ್ಪಾ ಅಲ್ಲಿ,
ಯಾರೂ ನಿಂದರು ಅನ್ನದ!"

ಹುಬ್ಬಳ್ಳಿಯಿಂದ ಇನ್ನೂ ಏನೂ ಬಂದಿಲ್ಲ.
ನಾಳೆ ಬಾವಿ ಓಣಿ ಪಾಳಿ.
ಚಿಲ್ಲರ ತರ್ರೆಪಾ.