ಎಷ್ಟು ಸೇರು ಹಿಡೀತದೆ

ಹುಳು ನಾಲ್ಕನೇ ಜ್ವರದಿಂದೆದ್ದು, ತಿಂದು, ಹಣ್ಣಾಗಿ
ಚಂದ್ರಂಕಿ ಹತ್ತಿದ ಮೇಲೆ
ತಿಪ್ಪೆಯ ಪಕ್ಕ ಉಳಿಯುವುದು ಕಡ್ಡಿ.
ಎಲೆಯಿಲ್ಲದ ಹಿಪ್ಪುನೇರಳೆ ಕಡ್ಡಿ,
ಒಲೆಗೆ ಅಷ್ಟೇ ಅನ್ನುತ್ತಾರೆ ಶಿಡ್ಲಘಟ್ಟದಲ್ಲಿ.
ನಾನು ಅದನ್ನು ಮೊಪೆಡ್ಡಿಗೆ ಅಡ್ಡಡ್ಡ ಕಟ್ಟಿ ತರುತ್ತೇನೆ,
ದಾರಿಯುದ್ದಕ್ಕೂ ಆಟೋದವರಿಂದ ಬೈಸಿಕೊಳ್ಳುತ್ತ.

ಹಸಿ ಇರುವಾಗಲೇ ಸುಲಿಯಬೇಕು.
ತುದಿ ಹಲ್ಲಲ್ಲಿ ಕಚ್ಚಿ ಎಳೆದರೆ
ಬುಡದವರೆಗೂ ಒಂದೇ ಉಸಿರಿಗೆ ಬರುವ ತೊಗಟೆ
ಒಣಗಿತೋ, ಕೊಟ್ಟ ಕಾಸು ನೆಂಟ ಹಿಂತಿರುಗಿಸಿದ ಹಾಗೆ
ಚೂರು ಚೂರು.
ಕರಿ ಸಿಪ್ಪೆ ಕೆರೆದು, ಬೂದಿನೀರಲ್ಲಿ ಮೂರು ತಾಸು ಕುದಿಸುತ್ತೇವೆ.
ಬಾಣಲೆ ಖಮರುನ್ನೀಸಾಳದು.
ಅದರಲ್ಲೇ ಇಪ್ಪತ್ತೆರಡು ವರ್ಷ ಗೂಡು ಬೇಯಿಸಿ
ಎಳೆಯ ತುದಿ ಹುಡುಕಿದವಳು.
ಬೆರಳುಗಳಲ್ಲಿ ಗೆರೆ ಉಳಿದಿಲ್ಲ,
ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತಿಸುವುದಿಲ್ಲ.
"ಹೋಗ್ಲಿ ಬಿಡು, ನೀರಿಗಾದರೂ ನಾನು ಗೊತ್ತು" ಅನ್ನುತ್ತಾಳೆ.

ನೀರಿಗೆ ಗೊತ್ತು, ನಿಜ.
ಕುಟ್ಟಿ ಕುಟ್ಟಿ ಅಂಬಲಿಯಾದ ನಾರು,
ಬೆಂಡೆಬೇರಿನ ಲೋಳೆ, ತೊಟ್ಟಿ ತುಂಬ ನೀರು.
ಸೊಳ್ಳೆಪರದೆ ಬಿಗಿದ ಚೌಕಟ್ಟು
ನಾನು ಎತ್ತಿದರೆ ಒಂದು ಕಡೆ ದಪ್ಪ, ಒಂದು ಕಡೆ ತೂತು.
ಅವಳು ಎತ್ತಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಾಳೆ,
ಹಾಲು ಆರಿಸುವವಳ ಹಾಗೆ, ಅವಸರವಿಲ್ಲದೆ.
ನೀರು ತನ್ನ ಪಾಡಿಗೆ ಇಳಿದು ಹೋಗುತ್ತದೆ.

ಆ ಕಡೆ ಜಗಲಿಯಲ್ಲಿ ಮೇದರ ಪಿಳ್ಳಕ್ಕ.
ಊರಿಗೆಲ್ಲ ಚಂದ್ರಂಕಿ ಹೆಣೆದವಳು,
ಬಿದಿರ ಚಾಪೆಯ ಮೇಲೆ ಸುತ್ತು ಸುತ್ತು ಸುತ್ತಿ
ಹುಳುವಿಗೆ ಓಣಿ ಬಿಟ್ಟವಳು.
ಈಗ ಪ್ಲಾಸ್ಟಿಕ್ಕಿನದು ಬಂದಿದೆ, ನೀಲಿ ಬಣ್ಣದ್ದು,
ಮಡಚಬಹುದು, ತೊಳೆಯಬಹುದು.
ಅವಳೂ ಅದನ್ನು ಹೊಗಳುತ್ತಾಳೆ.
ಆದರೆ ಕೈ ಬೆಳಗ್ಗೆ ಎದ್ದು ಕೆಲಸ ಕೇಳುತ್ತದೆ.
ಕೆರೆಯಂಗಳದ ಜೊಂಡು, ಈಚಲ ಗರಿ,
ರೈಲುಹಳಿ ಪಕ್ಕದ ಕತ್ತಾಳೆ ನಾರು, ಸಿಕ್ಕಿದ್ದು.
ಸುತ್ತು ಶುರುವಾಗುವುದು ಚಂದ್ರಂಕಿಯ ಹಾಗೆಯೇ, ಚಪ್ಪಟೆ.
ಮೂರನೇ ದಿನ ಒಂದು ಅಂಚು ಏಳುತ್ತದೆ,
ಸೊಂಟ ತಿರುವುತ್ತದೆ, ಕತ್ತು ಓರೆ ಮಾಡುತ್ತದೆ,
ಬಾಯಿ ಇರಬೇಕಾದ ಜಾಗದಲ್ಲಿ ಭುಜ.
"ಜೊಂಡು ಒಣಗ್ತಾ ಮುನಿಸ್ಕೊಂತು," ಅನ್ನುತ್ತಾಳೆ,
"ಹೋದ ಕಡೆಗೆ ಬಿಟ್ಟೆ."

ಅದರ ಮೇಲೆ ಹಸಿ ಹಾಳೆ ಹೊದಿಸುತ್ತೇವೆ, ಮೂವರೂ ಸೇರಿ,
ಎರೆದು ಮಲಗಿಸಿದ ಬಾಣಂತಿಗೆ ಹೊದಿಸಿದ ಹಾಗೆ.
ರಾತ್ರಿ ಒಣಗುತ್ತ ಹಾಳೆ ಬಿಗಿಯುತ್ತದೆ,
ಬುಟ್ಟಿ ನರಳುತ್ತದೆ,
ಟಿಕ್ಕು, ಮತ್ತೆ ಎಷ್ಟೋ ಹೊತ್ತಿಗೆ ಟಿಕ್ಕು.
ಮಲಗಿದಲ್ಲೇ ಕೇಳುತ್ತೇನೆ.
ತಿಂದು ಬಿಸಾಡಿದ ಕಡ್ಡಿ
ತನ್ನ ಗೂಡು ತಾನು ಕಟ್ಟಿಕೊಳ್ಳುತ್ತಿದೆ.

ಗುರುವಾರ ಗೂಡಿನ ದಲಾಲಿ ನಾರೆಪ್ಪ ಬಂದ.
ಬುಟ್ಟಿಯ ಸುತ್ತ ಒಂದು ಸುತ್ತು ಹಾಕಿ
ಬೆರಳಲ್ಲಿ ತಟ್ಟಿ, ಕಿವಿಯಿಟ್ಟ.
"ಎಷ್ಟು ಸೇರು ಹಿಡೀತದೆ?"
ಪಿಳ್ಳಕ್ಕನ ಬಾಯಲ್ಲಿ ಎಲೆಅಡಿಕೆ.
"ಪಕ್ಕದಲ್ಲಿ ತೂತು ಬೇರೆ ಬಿಟ್ಟಿದ್ದೀಯ.
ತೂತುಗೂಡಿಗೆ ರೇಟಿಲ್ಲ, ನಿಂಗೆ ನಾನು ಹೇಳ್ಬೇಕಾ?"
ಚಿಟ್ಟೆ ಕೊರೆದು ಹೊರಬಿದ್ದ ಗೂಡಲ್ಲಿ
ಎಳೆ ಸಾವಿರ ಕಡೆ ಕಡಿದಿರುತ್ತದೆ,
ಖಮರುನ್ನೀಸಾಳಷ್ಟು ಅದು ಯಾರಿಗೆ ಗೊತ್ತು.

ಅವಳು ಒದ್ದೆ ಕೈ ದುಪಟ್ಟಿಗೆ ಒರೆಸಿಕೊಂಡು ಬಂದಳು,
ತೋಳು ಮೇಲೆ ಸರಿಸಿ
ಆ ತೂತಿನೊಳಗೆ ಕೈ ಇಟ್ಟಳು, ಮಣಿಕಟ್ಟು,
ಮೊಣಕೈವರೆಗೂ,
ತುದಿ ಹುಡುಕುವವಳ ಹಾಗೆ ಕಣ್ಣು ಎಲ್ಲೋ ಇಟ್ಟು.
ಬೇಗ ತೆಗೆಯಲಿಲ್ಲ.
"ಬೆಚ್ಚಗೈತೆ," ಅಂದಳು.

ಪಿಳ್ಳಕ್ಕ ಎದ್ದು ಹೋಗಿ ಉಗುಳಿ ಬಂದಳು.
"ಸೇರು ನಂಗೊತ್ತಿಲ್ಲ ಕಣಪ್ಪ. ಒಂದು ಮೊಣಕೈ ಹಿಡೀತದೆ."

ನಾರೆಪ್ಪ ನಕ್ಕು ಹೋದ. ಗೇಟಿನ ಹತ್ತಿರ
ತನ್ನ ಕೈ ಒಮ್ಮೆ ನೋಡಿಕೊಂಡ ಅನ್ನಿಸಿತು, ಖಾತ್ರಿಯಿಲ್ಲ,
ನನಗೆ ಗೋಡೆಯಿಂದ ಹಾಳೆ ಬಿಡಿಸುವ ಕೆಲಸವಿತ್ತು.
ಹನ್ನೊಂದರಲ್ಲಿ ಒಂದರ ಮೇಲೆ
ಹಸಿ ಇರುವಾಗಲೇ ಹಲ್ಲಿ ಹಾದುಹೋಗಿತ್ತು,
ಐದೈದು ಬೆರಳು, ಎಷ್ಟು ಸ್ಪಷ್ಟ.
ಹಾಳಾಯಿತು ಅಂದೆ.
ಖಮರುನ್ನೀಸಾ ಬೆಳಕಿಗೆ ಹಿಡಿದು ನೋಡಿದಳು.
"ಹಲ್ಲಿನ ರೇಷನ್ ಅಂಗಡಿಗೆ ಕರ್ಕೊಂಡು ಹೋಗು," ಅಂದಳು,
"ಅಕ್ಕಿ ಕೊಡ್ತಾರೆ."